ಹಳೆಯ ಕಾರಿನ ಮೀಟರುಗಳು: ಮನೆಯಂಗಳದಲ್ಲೇ ಪರೀಕ್ಷೆ, ರಿಪೇರಿ, ಹೊಸ ಜೋಡಣೆ

ಚಾರ್ಮಾಡಿ ಘಾಟಿ ಹತ್ತುತ್ತಿದ್ದಾಗ ನನ್ನ ಮಾರುತಿ 800ರ ಟೆಂಪರೇಚರ್ ಮೀಟರಿನ ಮುಳ್ಳು ಮೊದಲು ಮುಕ್ಕಾಲಿಗೆ ಏರಿತು. ಐದಾರು ತಿರುವು ಕಳೆಯುವಷ್ಟರಲ್ಲಿ ತಾನಾಗಿಯೇ ಇಳಿದು ತಂಪನ್ನು ಸೂಚಿಸುವ 'ಸಿ' ಅಕ್ಷರದ ಮೇಲೆ ಮಲಗಿಬಿಟ್ಟಿತು. ಮಳೆಗಾಲದ ಗಾಳಿಗೆ ಎಂಜಿನ್ ತಂಪಾಯಿತೆಂದು ನಾನು ನೆಮ್ಮದಿಯಿಂದಿದ್ದೆ. ಕೊಟ್ಟಿಗೆಹಾರ ಇನ್ನೂ ದೂರವಿರುವಾಗಲೇ ಬಾನೆಟ್ಟಿನ ಸಂದಿಯಿಂದ ಸಿಹಿವಾಸನೆಯ ಹಬೆ ಏಳತೊಡಗಿತು. ಇಳಿದು ನೋಡಿದರೆ ರೇಡಿಯೇಟರಿನ ಕೆಳಗಿನ ಹೋಸ್ ಪೈಪು ಬಿರಿದು ಕೂಲಂಟ್ ಪೂರ್ತಿ ರಸ್ತೆಯ ಪಾಲಾಗಿತ್ತು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನೀರಿನ ಬಿಸಿಯನ್ನು ಹೇಳಬಲ್ಲದು. ಸುತ್ತಲಿನ ನೀರೇ ಖಾಲಿಯಾದರೆ ಅದು ಗಾಳಿಯ ಬಿಸಿಯನ್ನು ಹೇಳುತ್ತದೆ, ಮುಳ್ಳು ಇಳಿಯುತ್ತದೆ. ಮೀಟರು ಅಂದು ಸುಳ್ಳು ಹೇಳಿರಲಿಲ್ಲ, ಅದರ ಮಾತನ್ನು ಅರ್ಥಮಾಡಿಕೊಳ್ಳಲು ನನಗೆ ಬಂದಿರಲಿಲ್ಲ.

ಹೆಡ್ ಗ್ಯಾಸ್ಕೆಟ್ ಬದಲಾಯಿಸಿದ ಬಿಲ್ಲನ್ನು ಕಟ್ಟಿದ ಮೇಲೆ ಮೀಟರುಗಳ ವಿಷಯವನ್ನು ಒಂದಿಷ್ಟು ಶ್ರದ್ಧೆಯಿಂದ ಕಲಿತೆ. ಕಂಪ್ಯೂಟರಿನ ಹಂಗಿಲ್ಲದ ಹಳೆಯ ಕಾರುಗಳನ್ನು, ಅಂದರೆ ಕಾರ್ಬ್ಯುರೇಟರ್ ಕಾಲದ ಮಾರುತಿ 800, ಪದ್ಮಿನಿ, ಅಂಬಾಸಿಡರ್, ಜೀಪು ಮೊದಲಾದವನ್ನು ಇಟ್ಟುಕೊಂಡು ಭಾನುವಾರಗಳನ್ನು ಅವುಗಳ ಜೊತೆ ಕಳೆಯುವವರಿಗಾಗಿ ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಎಂಜಿನ್ನಿನ ಲೆಕ್ಕವನ್ನೆಲ್ಲ ಇಸಿಯು ಎಂಬ ಕಂಪ್ಯೂಟರ್ ನೋಡಿಕೊಳ್ಳುವ ಹೊಸ ಕಾರುಗಳಲ್ಲಿ ಮೀಟರ್ ಬೋರ್ಡಿಗೆ ಸುದ್ದಿ ಬರುವ ದಾರಿಯೇ ಬೇರೆಯಾದುದರಿಂದ, ತಂತಿ ಬಿಚ್ಚಿ ಅರ್ತ್ (ಬ್ಯಾಟರಿಯ ಮೈನಸ್‌ಗೆ ಸೇರಿದ ಕಾರಿನ ಲೋಹದ ಮೈ) ಮುಟ್ಟಿಸುವ ಪರೀಕ್ಷೆಗಳನ್ನು ಅವುಗಳ ಮೇಲೆ ಮಾಡಲೇಬಾರದು.

ಮುಳ್ಳು ಏಕೆ ಅಲುಗುತ್ತದೆ

ಪೆಟ್ರೋಲ್ ಮೀಟರಿಗೆ ಪೆಟ್ರೋಲ್ ಕಾಣಿಸುವುದಿಲ್ಲ. ಅದಕ್ಕೆ ತಿಳಿಯುವುದು ತಂತಿಯ ಆ ತುದಿಯಲ್ಲಿರುವ ಟ್ಯಾಂಕ್ ಯೂನಿಟ್ಟಿನ ವಿದ್ಯುತ್ ರೋಧ ಎಷ್ಟು ಎಂಬುದಷ್ಟೇ. ಟ್ಯಾಂಕಿನೊಳಗಿನ ಫ್ಲೋಟ್ ಮೇಲೇರಿದಂತೆ ಒಂದು ಪುಟ್ಟ ಲೋಹದ ಬೆರಳು ರೋಧದ ತಂತಿ ಸುತ್ತಿದ ಪಟ್ಟಿಯ ಮೇಲೆ ಸರಿಯುತ್ತದೆ, ರೋಧ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಮೀಟರಿನಲ್ಲಿ ಕರೆಂಟು ಹೆಚ್ಚುಕಡಿಮೆಯಾಗುತ್ತದೆ. ಜಪಾನ್ ಮೂಲದ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಟ್ಯಾಂಕ್ ತುಂಬಿದಾಗ ರೋಧ ಕಡಿಮೆ, ಖಾಲಿಯಾದಾಗ ಹೆಚ್ಚು. ಜರ್ಮನಿಯ ವಿಡಿಒ ಕಂಪನಿಯ ಮಾದರಿಯದು ಇದಕ್ಕೆ ತದ್ವಿರುದ್ಧ: ಖಾಲಿಗೆ ಸುಮಾರು 10 ಓಮ್, ಭರ್ತಿಗೆ 180 ಓಮ್. ಒಂದು ಮಾದರಿಯ ಮೀಟರಿಗೆ ಇನ್ನೊಂದು ಮಾದರಿಯ ಟ್ಯಾಂಕ್ ಯೂನಿಟ್ ಜೋಡಿಸಿ, ತುಂಬಿದ ಟ್ಯಾಂಕನ್ನು ಖಾಲಿ ಎಂದು ತೋರಿಸಿಕೊಂಡವರು ನಮ್ಮ ಬಳಗದಲ್ಲೇ ಇದ್ದಾರೆ. ಗುಜರಿಯಲ್ಲಿ ಮೀಟರ್ ಕೊಳ್ಳುವಾಗ ಅದರ ಜೋಡಿ ಯೂನಿಟ್ಟನ್ನೂ ಕೇಳಿ ಪಡೆಯುವುದು ಲೇಸು.

ಹಳೆಯ ಮೀಟರುಗಳೊಳಗೆ ಎರಡು ಜಾತಿಗಳಿವೆ. ಮೊದಲನೆಯದರಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿಯ ಮೇಲೆ ಸಣ್ಣ ತಂತಿ ಸುತ್ತಿರುತ್ತದೆ. ಕರೆಂಟು ಹರಿದಾಗ ತಂತಿ ಬಿಸಿಯಾಗಿ ಪಟ್ಟಿ ಬಾಗುತ್ತದೆ, ಮುಳ್ಳನ್ನು ಎಳೆಯುತ್ತದೆ. ಕೀಲಿ ತಿರುಗಿಸಿದ ಮೇಲೆ ಮುಳ್ಳು ಸೋಮಾರಿಯಂತೆ ನಿಧಾನವಾಗಿ ಏಳುತ್ತದೆಂದರೆ ಅದು ಈ ಜಾತಿಯದು. ಎರಡನೆಯದರಲ್ಲಿ ಕಾಂತದ ಎರಡು ಸುರುಳಿಗಳು ಮುಳ್ಳನ್ನು ಒಂದೊಂದು ಕಡೆಗೆ ಎಳೆಯುತ್ತವೆ. ಕೀಲಿ ಹಾಕಿದ ಕೂಡಲೇ ಮುಳ್ಳು ತಟಕ್ಕನೆ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಸುರುಳಿಗಳ ನಡುವಿನ ಅನುಪಾತವೇ ಇಲ್ಲಿ ಮುಖ್ಯವಾದ್ದರಿಂದ ಬ್ಯಾಟರಿಯ ವೋಲ್ಟೇಜ್ ಏರಿಳಿದರೂ ಅಷ್ಟಾಗಿ ಬಾಧಿಸುವುದಿಲ್ಲ. ಬಿಸಿಪಟ್ಟಿಯ ಜಾತಿಗೆ ಆ ಅನುಕೂಲವಿಲ್ಲ. ಹಾಗಾಗಿಯೇ ಬ್ರಿಟಿಷ್ ವಿನ್ಯಾಸದ ಹಳೆಯ ಕಾರುಗಳಲ್ಲಿ ಮೀಟರ್ ಬೋರ್ಡಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಸ್ಟೆಬಿಲೈಸರ್ ಡಬ್ಬಿಯೊಂದನ್ನು ಇಟ್ಟಿರುತ್ತಾರೆ. ಅದು ಕರೆಂಟನ್ನು ಹಾಕುತ್ತ ತೆಗೆಯುತ್ತ ಸರಾಸರಿ 10 ವೋಲ್ಟ್ ಆಗುವಂತೆ ನೋಡಿಕೊಳ್ಳುತ್ತದೆ. ಪೆಟ್ರೋಲ್ ಮೀಟರ್, ಟೆಂಪರೇಚರ್ ಮೀಟರ್ ಎರಡೂ ಒಟ್ಟಿಗೇ ಮೇಲೆ ತೋರಿಸುತ್ತಿದ್ದರೆ ಎರಡು ಸೆನ್ಸರುಗಳು ಒಂದೇ ದಿನ ಕೆಟ್ಟವೆಂದು ಭಾವಿಸಬೇಡಿ. ಈ ಡಬ್ಬಿ ಕೆಟ್ಟಿರುತ್ತದೆ, ಇಲ್ಲವೇ ಅದರ ಮೈಗೆ ಅರ್ತ್ ತಪ್ಪಿರುತ್ತದೆ.

ಮೊದಲು ಅರ್ತ್

ದಾವಣಗೆರೆಯ ಗೆಳೆಯರೊಬ್ಬರ ಪದ್ಮಿನಿಯಲ್ಲಿ ಹೆಡ್‌ಲೈಟ್ ಹಾಕಿದರೆ ಪೆಟ್ರೋಲ್ ಮುಳ್ಳು ಕಾಲುಭಾಗ ಜರುಗುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯೆಲ್ಲ ಅಲೆದು ಅವರು ಬೇರೆ ಮೀಟರ್ ತಂದು ಹಾಕಿದರು. ಅದೂ ಹಾಗೆಯೇ ಜರುಗಿತು. ಕೊನೆಗೆ ಅವರ ಓಣಿಯ ಮುದಿ ಎಲೆಕ್ಟ್ರಿಷಿಯನ್ ಬಂದು, ಬೀಡಿಯನ್ನು ಗೇಟಿನಾಚೆಯೇ ಆರಿಸಿ, ಒಂದೇ ಮಾತು ಕೇಳಿದರು: "ಸಾರ್, ಅರ್ತ್ ನೋಡಿದ್ರಾ?" ನೋಡಿರಲಿಲ್ಲ. ಹೆಡ್‌ಲೈಟ್ ಉರಿಯುತ್ತಿರುವಾಗ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಮೀಟರ್ ಬೋರ್ಡಿನ ಅರ್ತ್ ತಂತಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಮುಟ್ಟಿಸಿದಾಗ 1.4 ವೋಲ್ಟ್ ತೋರಿಸಿತು. ಇದು 0.1 ಅಥವಾ ಹೆಚ್ಚೆಂದರೆ 0.2 ವೋಲ್ಟ್ ಒಳಗೆ ಇರಬೇಕು. ಡ್ಯಾಶ್‌ಬೋರ್ಡಿನ ಹಿಂದೆ ಅರ್ತ್ ತಂತಿಯ ರಿಂಗನ್ನು ಬಿಗಿದಿದ್ದ ಸ್ಕ್ರೂ ಕೆಳಗೆ ಪೇಂಟ್ ಹಾಗೇ ಇತ್ತು, ಅದರ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಪೇಂಟನ್ನು ಹೊಳೆಯುವವರೆಗೆ ಕೆರೆದು, ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿದ್ದೇ ರಿಪೇರಿ. ಹೊಸದಾಗಿ ತಂದ ಮೀಟರ್ ಈಗಲೂ ಅವರ ಕಪಾಟಿನಲ್ಲಿದೆ.

ಆದ್ದರಿಂದ ಯಾವ ಮೀಟರ್ ಕೈಕೊಟ್ಟರೂ ಮೊದಲು ಫ್ಯೂಸ್, ಆಮೇಲೆ ಅರ್ತ್, ಆಮೇಲೆ ತಂತಿಗಳನ್ನು ಒಂದಕ್ಕೊಂದು ಸಿಕ್ಕಿಸುವ ಕಪ್ಲರುಗಳು, ಆಮೇಲೆ ಸೆನ್ಸರ್, ಎಲ್ಲಕ್ಕಿಂತ ಕೊನೆಯಲ್ಲಿ ಮೀಟರ್ ಎಂಬ ಸರದಿಯನ್ನು ಪಾಲಿಸಿ. ಮೀಟರ್ ಬೋರ್ಡ್ ಬಿಚ್ಚಬೇಕಾಗಿಯೇ ಬಂದರೆ ಬ್ಯಾಟರಿಯ ಮೈನಸ್ ತೆಗೆದು, ಸ್ಪೀಡೋಮೀಟರ್ ಕೇಬಲ್ಲನ್ನು ಹಿಂಬದಿಯಿಂದ ಕಳಚಿದ ಬಳಿಕವೇ ಬೋರ್ಡನ್ನು ಮುಂದಕ್ಕೆಳೆಯಿರಿ. ಅದರ ಬೆನ್ನಿನಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳಿರುವ ಸರ್ಕ್ಯೂಟ್ ಇದ್ದರೆ, ಕಪ್ಲರ್ ಕೂರುವ ಜಾಗದಲ್ಲಿ ಕಪ್ಪಾಗಿರುವ ತಾಮ್ರವನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಸಾಕು. ಎಮರಿ ಪೇಪರ್ ಹಿಡಿದರೆ ಕಿಲುಬಿನ ಜೊತೆ ತಾಮ್ರವೂ ಹೋಗುತ್ತದೆ.

ಪೆಟ್ರೋಲ್ ಮೀಟರಿನ ಪರೀಕ್ಷೆ

ಟ್ಯಾಂಕ್ ಯೂನಿಟ್ಟಿನಿಂದ ಬರುವ ತಂತಿಯ ಕಪ್ಲರನ್ನು ಕಾರಿನೊಳಗೆ, ಟ್ಯಾಂಕಿನಿಂದ ಆದಷ್ಟು ದೂರದಲ್ಲಿ ಕಳಚಿ. ಕೀಲಿ ಹಾಕಿ ಒಂದು ನಿಮಿಷ ಕಾಯಿರಿ. ಜಪಾನ್ ಮಾದರಿಯಲ್ಲಿ ಮುಳ್ಳು ಖಾಲಿಯ ಕಡೆ ಮಲಗಿರಬೇಕು. ಕೀಲಿ ತೆಗೆದು, ಮೀಟರಿನ ಕಡೆಗೆ ಹೋಗುವ ತಂತಿಗೂ ಕಾರಿನ ಮೈಗೂ ನಡುವೆ 12 ವೋಲ್ಟಿನ 3 ವ್ಯಾಟ್ ಬಲ್ಬೊಂದನ್ನು ಜೋಡಿಸಿ, ಮತ್ತೆ ಕೀಲಿ ಹಾಕಿ. ಮುಳ್ಳು ನಿಧಾನವಾಗಿ ಭರ್ತಿಯ ಕಡೆಗೆ ಏರಿದರೆ ಮೀಟರ್, ತಂತಿ, ಫ್ಯೂಸ್ ಮೂರೂ ಸರಿ. ದೋಷ ಟ್ಯಾಂಕ್ ಯೂನಿಟ್ಟಿನಲ್ಲಿದೆ ಅಥವಾ ಅದರ ಅರ್ತ್‌ನಲ್ಲಿದೆ. ಹಲವರು ಬಲ್ಬಿಲ್ಲದೆ ತಂತಿಯನ್ನು ನೇರವಾಗಿ ಬಾಡಿಗೆ ಮುಟ್ಟಿಸುತ್ತಾರೆ. ಒಂದೆರಡು ಕ್ಷಣಕ್ಕೆ ಏನೂ ಆಗದಿರಬಹುದು, ಆದರೆ ಕೀಲಿಯ ಬಳಿ ಕುಳಿತವನು "ಏರ್ತಿದೆ, ಏರ್ತಿದೆ" ಎಂದು ಕೂಗುತ್ತಿರುವಷ್ಟರಲ್ಲಿ ಮೀಟರಿನೊಳಗಿನ ಎಳೆ ಸುಟ್ಟುಹೋಗಲೂಬಹುದು. ಜೋಡಣೆಯನ್ನು ಯಾವಾಗಲೂ ಕೀಲಿ ತೆಗೆದಿರುವಾಗಲೇ ಮಾಡಬೇಕೆನ್ನುವುದು ಕಿಡಿಯ ಭಯದಿಂದ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದುದು, ನೆಲದ ಮಟ್ಟದಲ್ಲಿ ಹರಡಿ ಕೂತಿರುತ್ತದೆ.

ಯೂನಿಟ್ಟನ್ನು ಹೊರತೆಗೆಯುವ ಕೆಲಸ ಕೆಲವು ಕಾರುಗಳಲ್ಲಿ ಹಿಂದಿನ ಸೀಟಿನಡಿಯ ಮುಚ್ಚಳ ಬಿಚ್ಚಿದರೆ ಮುಗಿಯುತ್ತದೆ, ಕೆಲವುಗಳಲ್ಲಿ ಟ್ಯಾಂಕನ್ನೇ ಇಳಿಸಬೇಕು. ಟ್ಯಾಂಕ್ ಇಳಿಸುವುದಾದರೆ ಪೆಟ್ರೋಲ್ ಬಹುಪಾಲು ಖಾಲಿಯಾದಾಗ, ಬಯಲಿನಲ್ಲಿ, ಬ್ಯಾಟರಿ ಕಳಚಿ, ಪಕ್ಕದಲ್ಲಿ ಒಂದು ಬಕೆಟ್ ಮರಳಿಟ್ಟುಕೊಂಡು ಮಾಡಿ. ಮುಚ್ಚಿದ ಶೆಡ್ಡಿನಲ್ಲಿ, ಕೈಯಲ್ಲಿ ತೂಗುಬಲ್ಬ್ ಹಿಡಿದು ಮಾಡುವ ಕೆಲಸ ಇದಲ್ಲ.

ಹೊರಬಂದ ಯೂನಿಟ್ಟನ್ನು ಒರೆಸಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಫ್ಲೋಟಿನ ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ಬಹಳ ನಿಧಾನವಾಗಿ ಎತ್ತಿ. ಅಂಕಿ ಏಣಿಯ ಮೆಟ್ಟಿಲಿನಂತೆ ಒಂದೇ ಸಮನೆ ಬದಲಾಗಬೇಕು. ನಡುವೆ ಎಲ್ಲಾದರೂ ಥಟ್ಟನೆ ಜಿಗಿದರೆ ಅಥವಾ ಅಂಕಿ ಮಾಯವಾದರೆ, ಅಲ್ಲಿ ಪಟ್ಟಿ ಕೊಳೆಯಾಗಿದೆ ಅಥವಾ ಎಳೆ ಕಡಿದಿದೆ. ಅರ್ಧ ಟ್ಯಾಂಕಿನ ಹತ್ತಿರ ಮುಳ್ಳು ಕುಣಿಯುವ ಕಾರುಗಳಲ್ಲಿ ಈ ಜಾಗ ಕಣ್ಣಿಗೇ ಕಾಣುತ್ತದೆ: ಬೆರಳು ವರ್ಷಗಟ್ಟಲೆ ಓಡಾಡಿ ಸವೆಸಿದ ಗೆರೆ ಹೊಳೆಯುತ್ತಿರುತ್ತದೆ, ಅದರ ಎರಡೂ ಬದಿಗೆ ಜೇನುಬಣ್ಣದ ಅಂಟು ಮೆತ್ತಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ. ಎಳೆ ಸವೆದಿದ್ದರೂ ಕಡಿದಿರದಿದ್ದರೆ, ಬೆರಳಿನ ತುದಿಯನ್ನು ಸಣ್ಣ ಇಕ್ಕಳದಲ್ಲಿ ಕೂದಲೆಳೆಯಷ್ಟು ಪಕ್ಕಕ್ಕೆ ಬಾಗಿಸಿ ಸವೆಯದ ಜಾಗದ ಮೇಲೆ ಓಡುವಂತೆ ಮಾಡಬಹುದು. ಹಿತ್ತಾಳೆಯ ಫ್ಲೋಟ್ ಇದ್ದರೆ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಒಳಗೆ ಚುಳುಚುಳು ಎಂದರೆ ತೂತು ಬಿದ್ದು ಪೆಟ್ರೋಲ್ ಸೇರಿಕೊಂಡಿದೆ, ಟ್ಯಾಂಕ್ ಭರ್ತಿಯಾದರೂ ಅದು ತೇಲುವುದಿಲ್ಲ. ಅದಕ್ಕೆ ಬೆಸುಗೆ ಹಾಕಿ ಉಳಿಸಿಕೊಳ್ಳಬಹುದೆಂದು ಸಲಹೆ ಕೊಡುವವರಿದ್ದಾರೆ. ಒಳಗೆ ಆವಿ ತುಂಬಿದ ಡಬ್ಬಿಗೆ ಕಾದ ಕಬ್ಬಿಣ ತಾಗಿಸುವ ಆ ಸಲಹೆಯನ್ನು ನಾನು ಒಪ್ಪುವುದಿಲ್ಲ, ಹೊಸ ಫ್ಲೋಟ್ ಕೊಳ್ಳಿ. ಮತ್ತೆ ಕೂರಿಸುವಾಗ ಹಳೆಯ ಗ್ಯಾಸ್ಕೆಟ್ ಬಳಸಬೇಡಿ. ಈಗ ಬಂಕುಗಳಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಕಾಲದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಟೆಂಪರೇಚರ್ ಸೆನ್ಸರನ್ನು ಬೇಯಿಸಿ ನೋಡುವುದು

ತಣ್ಣಗಿನ ಎಂಜಿನ್ನಿನಿಂದ ಸೆನ್ಸರ್ ಬಿಚ್ಚಿ. ಬಿಸಿ ಎಂಜಿನ್ನಿನಲ್ಲಿ ಈ ಕೆಲಸ ಮಾಡಿದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಹಾರುತ್ತದೆ. ಒಂದು ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಸೆನ್ಸರಿನ ಮೂತಿ ಮಾತ್ರ ಮುಳುಗುವಂತೆ, ತಳಕ್ಕೆ ತಾಗದಂತೆ ತಂತಿಯಲ್ಲಿ ತೂಗುಬಿಡಿ. ಪಕ್ಕದಲ್ಲೇ ಥರ್ಮಾಮೀಟರಿನ ಕಡ್ಡಿ ಇಳಿಬಿಡಿ. ಮಲ್ಟಿಮೀಟರಿನ ಒಂದು ಕಡ್ಡಿ ಸೆನ್ಸರಿನ ಮೈಗೆ, ಇನ್ನೊಂದು ತುದಿಯ ಟರ್ಮಿನಲ್ಲಿಗೆ. ಸಣ್ಣ ಉರಿಯಲ್ಲಿ ಕಾಯಿಸುತ್ತ 40 ಡಿಗ್ರಿಯಿಂದ ಪ್ರತಿ 10 ಡಿಗ್ರಿಗೊಮ್ಮೆ ರೋಧವನ್ನು ಬರೆದುಕೊಳ್ಳಿ. ಬಿಸಿಯಾದಂತೆ ರೋಧ ಇಳಿಯಬೇಕು, ಮೊದಮೊದಲು ದೊಡ್ಡ ಹೆಜ್ಜೆಗಳಲ್ಲಿ, ಕೊನೆಕೊನೆಗೆ ಚಿಕ್ಕ ಹೆಜ್ಜೆಗಳಲ್ಲಿ. ಎಲ್ಲ ಬಿಸಿಗೂ ಒಂದೇ ಅಂಕಿ ತೋರಿದರೆ ಸೆನ್ಸರ್ ಸತ್ತಿದೆ.

ನೀರು ಕುದಿಯುವಾಗ ಥರ್ಮಾಮೀಟರ್ 100 ತೋರಿಸಲಿಲ್ಲವೆಂದು ಅದನ್ನು ದೂರಬೇಡಿ. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಮೇಲೇರಿದಂತೆ ಕುದಿಬಿಂದು ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಮಂಗಳೂರಿನಲ್ಲಿ 100ಕ್ಕೆ ಕುದಿಯುವ ನೀರು ಬೆಂಗಳೂರಿನಲ್ಲಿ 97ರ ಹತ್ತಿರವೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ರ ಆಸುಪಾಸಿನಲ್ಲಿ. ರೇಡಿಯೇಟರಿನ ಪ್ರೆಷರ್ ಕ್ಯಾಪ್ ಸಡಿಲವಾಗಿರುವ ಕಾರು ಘಟ್ಟದ ಮೇಲೆ ಬೇಗ ಕುದಿಯುವುದಕ್ಕೂ ಇದು ಒಂದು ಕಾರಣ. ಪರೀಕ್ಷೆ ಮುಗಿದ ಮೇಲೆ ಆ ಪಾತ್ರೆ ಅಡುಗೆಮನೆಗೆ ಹಿಂದಿರುಗಬಾರದು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿಗೆ ಸಿಹಿ ಬೇರೆ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ ನೆಕ್ಕುವ ಮೊದಲೇ ನೀರು ಹೊಯ್ದು ತೊಳೆಯಬೇಕು.

ಸೆನ್ಸರನ್ನು ಮರಳಿ ಹಾಕುವಾಗ ಅಭ್ಯಾಸಬಲದಿಂದ ನಲ್ಲಿಗೆ ಸುತ್ತುವಂತೆ ಟೆಫ್ಲಾನ್ ಟೇಪನ್ನು ಐದಾರು ಸುತ್ತು ಸುತ್ತಬೇಡಿ. ಒಂಟಿ ತಂತಿಯ ಸೆನ್ಸರಿಗೆ ಅರ್ತ್ ಸಿಗುವುದೇ ಅದರ ಮೈಮೇಲಿನ ಸ್ಕ್ರೂ ಎಳೆಗಳ (ತ್ರೆಡ್) ಮೂಲಕ. ದಪ್ಪ ಟೇಪು ಅದಕ್ಕೆ ಅಡ್ಡಬರುತ್ತದೆ. ನೀರನ್ನು ಭರ್ತಿಮಾಡಿ, ಎಂಜಿನ್ ಓಡಿಸಿ, ಗಾಳಿಗುಳ್ಳೆಗಳೆಲ್ಲ ಹೊರಬಂದವೆಂದು ಖಾತ್ರಿಯಾಗುವವರೆಗೆ ಮುಳ್ಳಿನ ಮಾತನ್ನು ನಂಬಬೇಡಿ. ಚಾರ್ಮಾಡಿಯ ಪಾಠವೇ ಅದು: ಸೆನ್ಸರಿನ ಸುತ್ತ ಗಾಳಿ ಸಿಕ್ಕಿಕೊಂಡಿದ್ದರೂ ಮುಳ್ಳು ಕೆಳಗೇ ಇರುತ್ತದೆ.

ಹೊಸ ಮೀಟರುಗಳು: ಯಾವುದು ಬೇಕು, ಯಾವುದು ಬೇಡ

ಮಾರುತಿ 800ರಲ್ಲಿ ಆಯಿಲ್ ಒತ್ತಡಕ್ಕೆ ಇರುವುದು ಒಂದು ಕೆಂಪು ದೀಪ ಮಾತ್ರ. ಅಂಥ ದೀಪದ ಸ್ವಿಚ್ಚುಗಳು ಸಾಮಾನ್ಯವಾಗಿ ಒತ್ತಡ ಏಳೆಂಟು ಪಿಎಸ್‌ಐಗಿಂತಲೂ (ಚದರ ಇಂಚಿಗೆ ಪೌಂಡ್) ಕೆಳಗಿಳಿದ ಮೇಲೆ ಕೆಲಸ ಮಾಡುತ್ತವೆ, ಅಂದರೆ ದೀಪ ಹತ್ತುವ ಹೊತ್ತಿಗೆ ಬೇರಿಂಗುಗಳ ಗತಿ ಮುಗಿಯುತ್ತ ಬಂದಿರುತ್ತದೆ. ಹೀಗಾಗಿ ಹೊಸದಾಗಿ ಒಂದೇ ಒಂದು ಮೀಟರ್ ಹಾಕುವುದಾದರೆ ನನ್ನ ಮತ ಆಯಿಲ್ ಪ್ರೆಷರ್ ಮೀಟರಿಗೆ, ಎರಡನೆಯದು ವೋಲ್ಟ್‌ಮೀಟರ್. ಟರ್ಬೊ ಇಲ್ಲದ ಕಾರಿಗೆ, ಟರ್ಬೊ ತುಂಬುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮೀಟರ್ ಹಾಕಿಸಿಕೊಂಡ ಹುಡುಗರನ್ನೂ ಕಂಡಿದ್ದೇನೆ. ಅದರ ಮುಳ್ಳು ಜೀವಮಾನವಿಡೀ ಸೊನ್ನೆಯ ಕೆಳಗೇ ಓಡಾಡಿಕೊಂಡಿರುತ್ತದೆ.

ಆಯಿಲ್ ಮೀಟರಿನಲ್ಲಿ ಎರಡು ವಿಧ. ಒಂದರಲ್ಲಿ ಎಣ್ಣೆಯೇ ಸಣ್ಣ ಕೊಳವೆಯಲ್ಲಿ ಡ್ಯಾಶ್‌ಬೋರ್ಡಿನವರೆಗೆ ಬಂದು ಬಾಗಿದ ಕೊಳವೆಯೊಂದನ್ನು ನೆಟ್ಟಗೆ ಮಾಡಲು ಹವಣಿಸುತ್ತದೆ. ಫ್ರಾನ್ಸಿನ ಯುಜೀನ್ ಬೂರ್ಡೋನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು, ಕರೆಂಟಿನ ಹಂಗಿಲ್ಲ, ತೋರಿಕೆ ನಿಖರ. ಆದರೆ ಕಿಟ್ಟಿನ ಜೊತೆ ಬರುವ ನೈಲಾನ್ ಕೊಳವೆ ಒಡೆದರೆ ಕಾದ ಎಣ್ಣೆ ಪಾದದ ಮೇಲೆ ಸುರಿಯುತ್ತದೆ. ಮನೆಯಲ್ಲಿ ಕೆಲಸ ಮಾಡುವವರಿಗೆ ತಂತಿ ಮಾತ್ರ ಒಳಬರುವ ಎಲೆಕ್ಟ್ರಿಕ್ ವಿಧವೇ ಕ್ಷೇಮ. ಪೆಟ್ರೋಲ್ ಒತ್ತಡದ ಮೀಟರಿಗಂತೂ ಕೊಳವೆಯನ್ನು ಕಾರಿನೊಳಗೆ ತರುವ ಮಾತೇ ಬೇಡ.

ಇಲ್ಲಿ ಬಹಳ ಜನ ಎಡವುವುದು ಎಳೆಗಳ ಅಳತೆಯಲ್ಲಿ. ಜಪಾನ್ ಮೂಲದ ಎಂಜಿನ್ನುಗಳ ಆಯಿಲ್ ಸ್ವಿಚ್ಚಿಗೆ ಸಾಮಾನ್ಯವಾಗಿ ಇರುವುದು ಬ್ರಿಟಿಷ್ ಅಳತೆಯ 1/8 ಇಂಚಿನ ಬಿಎಸ್‌ಪಿಟಿ ಎಳೆ, ಅದರಲ್ಲಿ ಇಂಚಿಗೆ 28 ಸುತ್ತು. ಅಂಗಡಿಯಲ್ಲಿ ಸಿಗುವ ಹಲವು ಸೆನ್ಸರುಗಳದ್ದು ಅಮೆರಿಕದ 1/8 ಇಂಚಿನ ಎನ್‌ಪಿಟಿ ಎಳೆ, ಇಂಚಿಗೆ 27 ಸುತ್ತು. ಕಣ್ಣಿಗೆ ಎರಡೂ ಒಂದೇ. ಮೊದಲ ಎರಡು ಮೂರು ಸುತ್ತು ಕೈಯಲ್ಲೇ ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತಲ್ಲ ಎಂದು ಸ್ಪ್ಯಾನರ್ ಹಾಕಿದರೆ ಎಂಜಿನ್ನಿನ ಎಳೆಯೇ ಹಾಳು. ಹಳೆಯ ಸ್ವಿಚ್ಚನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಟಿ ಆಕಾರದ ಅಡಾಪ್ಟರ್ ಕೊಂಡರೆ ಕೆಂಪು ದೀಪವನ್ನೂ ಉಳಿಸಿಕೊಳ್ಳಬಹುದು, ಮೀಟರನ್ನೂ ಜೋಡಿಸಬಹುದು. ಬಿಸಿಯಾದ ಎಂಜಿನ್ನಿನಲ್ಲಿ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಎಂಬುದು ಹಳಬರ ಒರಟು ಲೆಕ್ಕ. ನಿಮ್ಮ ಕಾರಿನ ಸರ್ವೀಸ್ ಪುಸ್ತಕದಲ್ಲಿರುವ ಅಂಕಿಯೇ ಅಂತಿಮ.

ವೋಲ್ಟ್‌ಮೀಟರಿನದು ಸುಲಭದ ಕೆಲಸ. ಕೀಲಿ ಹಾಕಿದಾಗ ಮಾತ್ರ ಕರೆಂಟು ಬರುವ ತಂತಿಯಿಂದ 1 ಅಥವಾ 2 ಆಂಪಿಯರ್ ಫ್ಯೂಸಿನ ಮೂಲಕ ಒಂದು ಎಳೆ, ಬಾಡಿಯ ಶುದ್ಧ ಅರ್ತಿಗೆ ಇನ್ನೊಂದು ಎಳೆ. ಎಂಜಿನ್ ನಿಂತಿರುವಾಗ ಒಳ್ಳೆಯ ಬ್ಯಾಟರಿ 12.6 ತೋರಿಸುತ್ತದೆ, ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತಿದೆ. ಹಳೆಯ ಜೀಪುಗಳಲ್ಲಿರುವ ಆಂಪಿಯರ್ ಮೀಟರನ್ನು ಮಾತ್ರ ನಾನು ಉಳಿಸಿಕೊಳ್ಳುವ ಪಕ್ಷದವನಲ್ಲ. ಸ್ಟಾರ್ಟರಿನದೊಂದನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಗಾಡಿಯ ಕರೆಂಟು ಅದರ ಎರಡು ನಟ್ಟುಗಳ ಮೂಲಕ ಹಾಯುತ್ತದೆ, ನಟ್ಟು ಸಡಿಲವಾದರೆ ಡ್ಯಾಶ್‌ಬೋರ್ಡಿಗೇ ಬೆಂಕಿ. ಹೆಚ್ಚು ಆಂಪಿಯರಿನ ಆಲ್ಟರ್ನೇಟರ್ ಹಾಕಿದವರು ಅದನ್ನು ತೆಗೆದು, ಎರಡು ತಂತಿಗಳನ್ನು ಭದ್ರವಾಗಿ ಬೆಸೆದು ಮುಚ್ಚಿ, ಅದೇ ತೂತಿನಲ್ಲಿ ವೋಲ್ಟ್‌ಮೀಟರ್ ಕೂರಿಸುವುದು ಒಳ್ಳೆಯದು.

ಇವನ್ನು ಕೂರಿಸಲು ದುಬಾರಿ ಪಾಡ್ (ಮೀಟರಿನ ಗೂಡು) ಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯ 63 ಮಿ.ಮೀ. ಪಿವಿಸಿ ಪೈಪಿನ ಎಂಡ್ ಕ್ಯಾಪ್ ತಂದು, ಅದರ ಮುಖದಲ್ಲಿ 52 ಮಿ.ಮೀ. ಹೋಲ್ ಸಾ ಹಾಕಿ ತೂತು ಕೊರೆದರೆ ಸಾಮಾನ್ಯ ಗಾತ್ರದ ಮೀಟರಿನ ಮೈ ಒಳಗಿಳಿದು ಅಂಚು ಮಾತ್ರ ಹೊರಗೆ ನಿಲ್ಲುತ್ತದೆ. ಹೊಳಪನ್ನು 220 ನಂಬರಿನ ಎಮರಿಯಿಂದ ತೆಗೆದು, ಪ್ರೈಮರ್ ಹೊಡೆದು, ಒಣಗಿದ ಮೇಲೆ ಮ್ಯಾಟ್ ಕಪ್ಪು ಹೊಡೆಯಿರಿ. ಹೊಳೆಯುವ ಕಪ್ಪು ಹೊಡೆದರೆ ಮಧ್ಯಾಹ್ನದ ಬಿಸಿಲು ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ, ನಾನು ಮೊದಲ ಸಲ ಮಾಡಿದ್ದು ಅದೇ ತಪ್ಪು. ಏರ್‌ಬ್ಯಾಗ್ ಇರುವ ಕಾರಾದರೆ ಅದು ಬಿಚ್ಚಿಕೊಳ್ಳುವ ದಾರಿಯಲ್ಲಿ ಇಂಥ ಗಟ್ಟಿ ವಸ್ತುವನ್ನು ನಿಲ್ಲಿಸಬಾರದು.

ಸ್ಪೀಡೋಮೀಟರಿನ ಬಗ್ಗೆ ಎರಡೇ ಮಾತು. ಮುಳ್ಳು ನಡುಗುತ್ತಿದ್ದರೆ ಕೇಬಲ್ ಒಣಗಿದೆ; ಒಳಗಿನ ಎಳೆಯನ್ನು ಹೊರಗೆಳೆದು ತೆಳ್ಳಗೆ ಗ್ರೀಸ್ ಸವರಿ, ಆದರೆ ಮೀಟರಿನ ಕಡೆಯ ನಾಲ್ಕು ಬೆರಳಷ್ಟನ್ನು ಒಣಗಿಯೇ ಬಿಡಿ, ಇಲ್ಲವಾದರೆ ತಿರುಗುವ ಎಳೆ ಗ್ರೀಸನ್ನು ಮೀಟರಿನೊಳಕ್ಕೆ ಏರಿಸುತ್ತದೆ. ಇನ್ನು ಚಕ್ರ ಬದಲಾಯಿಸಿದವರು ಲೆಕ್ಕ ಹಾಕಿಕೊಳ್ಳಬೇಕು: 145/70 ಆರ್ 12 ಅಳತೆಯ ಟೈರಿನ ಬದಲು 155/65 ಆರ್ 13 ಹಾಕಿದರೆ ಚಕ್ರದ ವ್ಯಾಸ ಶೇ. 4.7ರಷ್ಟು ಹೆಚ್ಚುತ್ತದೆ, ಹಳೆಯ ಚಕ್ರದಲ್ಲಿ ನಿಜವಾಗಿಯೂ 60ರಲ್ಲಿ ಓಡುತ್ತಿದ್ದ ಕಾರು ಮುಳ್ಳಿನ ಅದೇ ಜಾಗದಲ್ಲಿ ಈಗ 63ರ ಹತ್ತಿರ ಓಡುತ್ತಿರುತ್ತದೆ.

ಎಲ್ಲ ಜೋಡಿಸಿದ ಬಳಿಕ ಪೆಟ್ರೋಲ್ ಮೀಟರಿಗೆ ಲೀಟರಿನ ಲೆಕ್ಕ ಕಲಿಸಬೇಕು. ಮುಳ್ಳು ಖಾಲಿಯ ಗೆರೆ ಮುಟ್ಟಿದ ದಿನ ಬಂಕಿಗೆ ಹೋಗಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, 5 ಲೀಟರ್ ಹಾಕಿಸಿ ಮುಳ್ಳಿನ ಫೋಟೋ ತೆಗೆಯಿರಿ. ಎಂಜಿನ್ ಓಡಬಾರದು, ಕೀಲಿ ಹಾಕಿ ಎರಡು ನಿಮಿಷ ಕಾದರೆ ಸಾಕು. ಮತ್ತೆ 5 ಲೀಟರ್, ಮತ್ತೆ ಫೋಟೋ, ಟ್ಯಾಂಕ್ ತುಂಬುವವರೆಗೆ ಹೀಗೆಯೇ. ಹಿಂದೆ ಗಾಡಿಗಳ ಸಾಲಿಲ್ಲದ ಹೊತ್ತಿನಲ್ಲಿ ಹೋಗುವುದು ಲೇಸು. ಟ್ಯಾಂಕುಗಳ ಆಕಾರ ಒಂದೇ ಸಮನಾಗಿರದ ಕಾರಣ ಮುಳ್ಳಿನ ಅರ್ಧ ಎಂದರೆ ಟ್ಯಾಂಕಿನ ಅರ್ಧವೇ ಆಗಿರಬೇಕೆಂದಿಲ್ಲ. ನನ್ನ ಕಾರಿನ ಲೆಕ್ಕವನ್ನು ಪೋಸ್ಟ್‌ಕಾರ್ಡ್ ಗಾತ್ರದ ರಟ್ಟಿನ ಮೇಲೆ ಬರೆದು ಗ್ಲೋವ್ ಬಾಕ್ಸಿನ ಮುಚ್ಚಳದೊಳಗೆ ಅಂಟಿಸಿದ್ದೇನೆ. ಅದರ ಕೆಳಗೆ ಸೆನ್ಸರಿನ ಓಮ್ ಅಂಕಿಗಳಿವೆ, ಫ್ಯೂಸ್ ಇರುವ ಜಾಗವಿದೆ, ಕೊನೆಯ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ "ಮುಳ್ಳು ಥಟ್ಟನೆ ಇಳಿದರೆ ಗಾಡಿ ನಿಲ್ಲಿಸು, ಹೋಸ್ ನೋಡು" ಎಂದಿದೆ.